ಇಂಥ ಕಡೆ ಇಂಥ ಊಟವೇ?

ಒಳ್ಳೆಯದನ್ನು ಕಂಡಾಗ ಸಂತೋಷಪಡುವುದು ಮನುಷ್ಯಸಹಜ. ಆದರೆ ಕೆಲವು ಎಡೆಗಳಲ್ಲಿ ಒಳ್ಳೆಯದು ಕಂಡರೆ ಸಂತೋಷಕ್ಕಿಂತ ಮೊದಲು ಆಶ್ಚರ್ಯ ಹುಟ್ಟುತ್ತದೆ. ಈ ಆಶ್ಚರ್ಯದೊಳಗೆ ಏನಿದೆ ಎಂಬುದು ವಿಚಾರಮಾಡತಕ್ಕ ಸಂಗತಿ.

ತಿರುಪ್ಪೂರಿನ ಬನಿಯನ್ ಉದ್ಯಮದಲ್ಲಿರುವ ನಮ್ಮ ಬಂಧುವೊಬ್ಬರು ಕ್ರಿಕೆಟ್ ಪಂದ್ಯ ನೋಡಲೆಂದು ನಮ್ಮನ್ನು ಕೊಯಮತ್ತೂರಿನ ಅವಿನಾಶಿ ರಸ್ತೆಯ ಹೋಟೆಲೊಂದರ ಸ್ಪೋರ್ಟ್ಸ್ ಬಾರಿಗೆ ಕರೆದೊಯ್ದಿದ್ದರು. ಗೋಡೆಗಳ ತುಂಬ ಪರದೆಗಳು. ಮೇಜುಗಳ ಮೇಲೆ ಮದ್ಯ. ನಮಗೆ ನಿಂಬೆಯ ಷರಬತ್ತು ಬಂದಿತು, ಅದರ ಹಿಂದೆಯೇ ಕೊಂಗುನಾಡಿನ ಅರಿಶಿ ಪರುಪ್ಪು ಸಾದಂ. ಅಕ್ಕಿ, ತೊಗರಿಬೇಳೆಗಳನ್ನು ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಅರಿಶಿನದೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸುವ ಈ ಅನ್ನ ನಮ್ಮ ಬಿಸಿಬೇಳೆಬಾತಿನ ಬಡ ಸೋದರ. ಮಸಾಲೆಯ ಮರೆಯಲ್ಲಿ ತಪ್ಪನ್ನು ಅಡಗಿಸಲು ಇಲ್ಲಿ ಅವಕಾಶವಿಲ್ಲ. ನೀರಿನ ಅಳತೆ ತಪ್ಪಿದರೆ ಎಲ್ಲವೂ ತಪ್ಪಿತು. ಅಂದು ಅದು ಹದವಾಗಿ ಬೆಂದು, ತುಪ್ಪದೊಡನೆ ಮನೆಯ ಊಟವೇ ಆಗಿತ್ತು. "ಇಂಥ ಕಡೆ ಇಂಥ ಊಟವೇ?" ಎಂದು ಜೊತೆಯವರು ಉದ್ಗರಿಸಿದರು.

ಈ ಉದ್ಗಾರ ಅಕಾರಣವೇನಲ್ಲ. ಬಾರಿನ ಲಾಭ ಮದ್ಯದಲ್ಲಿ. ಉಪ್ಪು ಖಾರದ ತಿನಿಸು ಬಾಯಾರಿಕೆ ಹೆಚ್ಚಿಸಲು ಸಾಕು. ಗಿರಾಕಿಗಳ ಕಣ್ಣು ಪರದೆಯ ಮೇಲೆ. ಕೈ ಅರಿವಿಲ್ಲದೆ ತಟ್ಟೆಗೆ ಹೋಗುತ್ತದೆ. ಅನ್ನ ತುಸು ಹಸಿಯಿದ್ದರೂ ಕೇಳುವವರಿಲ್ಲ. ಅಂಥಲ್ಲಿಯೂ ಅಡುಗೆಯವನು ನೀರನ್ನು ಅಳೆದು ಹಾಕಿದನೆಂದರೆ, ಅವನು ಯಾರಿಗಾಗಿ ಅಳೆದನು? ಮೇಷ್ಟ್ರು ತಿದ್ದುವ ಪುಟವನ್ನು ಅಂದವಾಗಿ ಬರೆಯುವ ಮಕ್ಕಳು ಬಹಳ. ಯಾರೂ ತಿದ್ದದ ಪುಟವನ್ನೂ ಹಾಗೆಯೇ ಬರೆಯುವವರು ತರಗತಿಗೆ ಒಬ್ಬರೋ ಇಬ್ಬರೋ. ಆ ಅಡುಗೆಯವನು ಈ ಎರಡನೆಯ ಪಂಕ್ತಿಯವನು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮೋಪದೇಶ ದೊರೆಯುವುದು ಮಿಥಿಲೆಯಲ್ಲಿ ಮಾಂಸ ಮಾರುವ ವ್ಯಾಧನಿಂದ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ವಚನಕಾರನಾಗಿ ನಿಂತಿದ್ದಾನೆ. ಅವನ ಕಸುಬನ್ನು ಕನ್ನಡಿಗರು ಹೆಸರಿನಿಂದ ಅಳಿಸಲಿಲ್ಲ.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. 2003ರಿಂದ ಈ ರಾಜ್ಯದಲ್ಲಿ ಮದ್ಯದ ಚಿಲ್ಲರೆ ವ್ಯಾಪಾರ ಸರ್ಕಾರದ ಟಾಸ್ಮ್ಯಾಕ್ ಸಂಸ್ಥೆಯ ಕೈಯಲ್ಲಿದೆ. ತಿರುಪ್ಪೂರಿನಲ್ಲಿ ಶನಿವಾರ ಕೂಲಿಯ ದಿನ. ಆ ಕೂಲಿ ಮನೆ ಸೇರುವ ಮುನ್ನವೇ ಕರಗಿದರೆ ಸೋಮವಾರ ಅದು ಮಕ್ಕಳ ಮುಖದಲ್ಲಿ ಕಾಣುತ್ತದೆ, ನಾವು ಕಂಡಿದ್ದೇವೆ. ಊಟ ಚೆನ್ನಾಗಿದೆಯೆಂದು ಹೊಗಳಿದರೆ ಆ ಎಡೆಗೇ ಮರ್ಯಾದೆ ತಂದುಕೊಟ್ಟಂತಾಗದೇ? ರುಚಿಗೆಂದು ಹೋದ ಹುಡುಗ ಲೋಟಕ್ಕೂ ಕೈ ಚಾಚಲಾರನೇ?

ಈ ಭಯ ನಿಜವಾದುದು, ಅದನ್ನು ತಳ್ಳಿಹಾಕಲಾಗದು. ಆದರೂ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆಯಬಾರದು. ಅನ್ನದ ಹದ ಮದ್ಯದ ಕೇಡನ್ನು ಕಳೆಯುವುದಿಲ್ಲ. ಮದ್ಯದ ಕೇಡು ಅನ್ನ ಬೇಯಿಸಿದವನ ಶ್ರದ್ಧೆಯನ್ನು ಅಳಿಸುವುದೂ ಇಲ್ಲ. ಮದ್ಯದ ವಿಷಯದಲ್ಲಿ ಮಕ್ಕಳಿಗೆ ಹೇಳಬೇಕಾದುದನ್ನು ಕಟುವಾಗಿಯೇ ಹೇಳೋಣ. ಅಡುಗೆಯವನಿಗೆ ಸಲ್ಲಬೇಕಾದ ಮಾತನ್ನು ಅವನಿಗೇ ಸಲ್ಲಿಸೋಣ, "ಇಂಥ ಕಡೆ" ಎಂಬ ಬಾಲವಿಲ್ಲದೆ. ಆ ಬಾಲ ಸೇರಿದೊಡನೆ ಹೊಗಳಿಕೆ ಅವನ ಬೆಲೆಯನ್ನು ಅವನು ನಿಂತ ನೆಲದಿಂದ ಅಳೆಯುತ್ತದೆ.

ಇದಕ್ಕಾಗಿ ಬಾರಿನವರೆಗೆ ಹೋಗಬೇಕಾಗಿಲ್ಲ. ಈ ಸಾಹಿತ್ಯಕೂಟದಲ್ಲಿಯೂ ಭಾಷಣಗಳು ನಡೆಯುತ್ತಿರುವಾಗ ಹಿಂಬದಿಯಲ್ಲಿ ಯಾರೋ ಹೊಗೆಯ ನಡುವೆ ಸಾರಿನ ಹದ ನೋಡುತ್ತಿರುತ್ತಾರೆ. ಊಟವಾದ ಮೇಲೆ ಕೈ ತೊಳೆದು, ಒಮ್ಮೆ ಅತ್ತ ಹೋಗಿ ಅವರ ಹೆಸರನ್ನಾದರೂ ಕೇಳೋಣ.