ಅಕ್ಷರವೋ, ಅಲ್ಲವೋ

ಹೈದರಾಬಾದಿನ ಹಳೆಯ ಬಡಾವಣೆಗಳಲ್ಲಿ ಮನೆಯ ನಂಬರು ಒಂದೇ ಅಂಕಿಯಲ್ಲಿ ಮುಗಿಯುವುದಿಲ್ಲ. ವಾರ್ಡಿಗೊಂದು, ಬ್ಲಾಕಿಗೊಂದು, ಮನೆಗೊಂದು ಅಂಕಿ, ನಡುನಡುವೆ ಅಡ್ಡಗೆರೆ. ಅಣ್ಣತಮ್ಮಂದಿರು ಪಾಲಾಗಿದ್ದರೆ ಓರೆಗೆರೆಯ ಆಚೆಗೆ ಇನ್ನೊಂದು. ಇಂಥ ವಿಳಾಸವನ್ನು ಮೊಬೈಲಿನ ಅರ್ಜಿಯಲ್ಲಿ ತುಂಬಿದಾಗ, ‘ಅಕ್ಷರ ಮತ್ತು ಅಂಕಿ ಮಾತ್ರ’ ಎಂದು ಕೆಂಪು ಸಾಲು ಮೂಡುವುದುಂಟು. ಹೋಗಲಿ ಎಂದು ಹೆಸರನ್ನಾದರೂ ಕನ್ನಡದಲ್ಲೋ ತೆಲುಗಿನಲ್ಲೋ ಬರೆದರೆ, ಅದೂ ಅಕ್ಷರವಲ್ಲವಂತೆ!

ಯಾವುದು ಅಕ್ಷರ ಎಂದು ಯಂತ್ರದೊಳಗೆ ತೀರ್ಮಾನಿಸುವುದು ಹೇಗೆ? ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಸಿ ಭಾಷೆ ಕಲಿತವರಿಗೆ ‘ಇಸ್‌ಆಲ್ಫಾ’ ಎಂಬ ಪುಟ್ಟ ಫಂಕ್ಷನ್ ಗೊತ್ತು. ಅಕ್ಷರದ ಗುರುತಾಗಿ ಒಂದು ಸಂಖ್ಯೆ ಕೊಟ್ಟರೆ ಸಾಮಾನ್ಯವಾಗಿ ತನ್ನ ಪಟ್ಟಿಯಲ್ಲಿ ಹುಡುಕಿ ಹೌದು ಅಥವಾ ಅಲ್ಲ ಎನ್ನುತ್ತದೆ. ಇಂಗ್ಲಿಷಿಗೆ ಆಸ್ಕಿ ಎಂಬ ಸಂಕೇತಪದ್ಧತಿಯ 0ಯಿಂದ 127ರವರೆಗಿನ ಸಂಖ್ಯೆಗಳೇ ಸಾಕು. ನಮ್ಮ ‘ಕ’ಕ್ಕಾದರೋ ಯೂಟಿಎಫ್-8 ಎಂಬ ಪದ್ಧತಿಯಲ್ಲಿ ಮೂರು ಬೈಟು ಬೇಕು: 224, 178, 149. ಬಿಡಿಬಿಡಿಯಾಗಿ ಕೇಳಿದರೆ ಯಾವುದಕ್ಕೂ ಅರ್ಥವಿಲ್ಲ. ಅದೇ 224ನ್ನು ಫ್ರೆಂಚರ ಹಳೆಯ ಲೋಕೇಲ್ (ಭಾಷೆ-ಪ್ರದೇಶಕ್ಕೆ ತಕ್ಕ ಹೊಂದಾಣಿಕೆ) ತನ್ನದೊಂದು ಅಕ್ಷರವೆಂದು ಒಪ್ಪುತ್ತದೆ. ‘ಸಿ’ ಲೋಕೇಲ್ ಒಪ್ಪುವುದಿಲ್ಲ. ಸಾಲದ್ದಕ್ಕೆ, ಅನೇಕ ಯಂತ್ರಗಳಲ್ಲಿ ಬೈಟನ್ನು ಹಿಡಿದಿಡುವ ‘ಕ್ಯಾರ್’ನ ವ್ಯಾಪ್ತಿ ಮೈನಸ್ 128ರಿಂದ 127ರವರೆಗೆ ಮಾತ್ರ. ಅಲ್ಲಿ 224 ಎಂಬುದು ಮೈನಸ್ 32 ಆಗಿಬಿಡುತ್ತದೆ. ಆಗ ಫಂಕ್ಷನ್ ಪಟ್ಟಿ ಶುರುವಾಗುವ ಮೊದಲೇ, ಯಾರದೋ ಜಾಗದಲ್ಲಿ ಕೈಹಾಕೀತು. ಬರುವ ಉತ್ತರಕ್ಕೆ ಯಾರೂ ಹೊಣೆಯಲ್ಲ.

ಪರಿಹಾರ ಎರಡೇ ಪದ. ಕೇಳುವ ಮೊದಲು ಆ ಬೈಟನ್ನು ‘ಅನ್‌ಸೈನ್ಡ್ ಕ್ಯಾರ್’ ಮಾಡಿಕೊಂಡರೆ ಸಂಖ್ಯೆ 0ಯಿಂದ 255ರೊಳಗೇ ಇರುತ್ತದೆ. ಈ ಕರ್ತವ್ಯವನ್ನು ಸಿ ಭಾಷೆಯ ನಿಯಮ ಉತ್ತರಿಸುವವನಿಗಲ್ಲ, ಪ್ರಶ್ನೆ ಕೇಳುವವನಿಗೆ ವಹಿಸಿದೆ. ನನಗೆ ಇದು ಬಹಳ ಹಿಡಿಸಿತು. ಲಿನಕ್ಸಿನಲ್ಲಿ ಬಳಕೆಯಾಗುವ ಗ್ಲಿಬ್‌ಸಿ ಎಂಬ ಲೈಬ್ರರಿ ಮಾತ್ರ ತುಸು ಉದಾರಿ. ಮರೆಯುವವರು ಇದ್ದೇ ಇರುತ್ತಾರೆಂದು ತನ್ನ ಪಟ್ಟಿಯನ್ನು ಮೈನಸ್ 128ರಿಂದಲೇ ಆರಂಭಿಸಿದೆ. ಉಂಡೆದ್ದ ಮಗನ ತಟ್ಟೆಯನ್ನು ತಾಯಿ ಸದ್ದಿಲ್ಲದೆ ಎತ್ತಿಡುವಂಥ ಔದಾರ್ಯ ಇದು. ಮಗನ ಅಭ್ಯಾಸ ಗೊತ್ತಾಗುವುದು ಹಾಸ್ಟೆಲಿಗೆ ಹೋದ ಮೇಲೆ. ಪ್ರೋಗ್ರಾಮಿನದು, ಬೇರೆ ಯಂತ್ರಕ್ಕೆ ಹೋದ ಮೇಲೆ.

ಎಲ್ಲವನ್ನೂ ಪರೀಕ್ಷಿಸಲೇಬೇಕೆಂದೂ ಇಲ್ಲ. 500ರಿಂದ ಶುರುವಾಗುವ ನಮ್ಮ ಆರಂಕಿಯ ಪಿನ್‌ಕೋಡನ್ನು ಪರೀಕ್ಷಿಸುವುದು ನ್ಯಾಯ. ಅಂಕಿಯೇ ಎಂದು ನೋಡುವ ‘ಇಸ್‌ಡಿಜಿಟ್’ನ ಉತ್ತರ ಲೋಕೇಲ್ ಬದಲಾದರೂ ಬದಲಾಗುವುದಿಲ್ಲ. ಆದರೆ ಮನುಷ್ಯನ ಹೆಸರನ್ನು ನಿಲ್ಲಿಸಿ, ನೀನು ಅಕ್ಷರವೇ ಎಂದು ವಿಚಾರಣೆ ಮಾಡುವ ಅಗತ್ಯವೇನು? ಯೂನಿಕೋಡ್ ಬಲ್ಲ ಪೈಥಾನ್ ಕೂಡ ‘ಕನ್ನಡ’ ಎಂಬ ಪದವನ್ನು ಇಂಥ ಪರೀಕ್ಷೆಯಲ್ಲಿ ಫೇಲು ಮಾಡುತ್ತದೆ. ಒತ್ತಿನೊಳಗೆ ಅಡಗಿರುವ ಹಲಂತ ಅದರ ಲೆಕ್ಕದಲ್ಲಿ ಅಕ್ಷರವಲ್ಲ. ಹೈಟೆಕ್ ಸಿಟಿಗೆ ಹೋಗಿಬರುವ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಒಂದು ಮಾತು ಹೇಳಿನೋಡಿ. ಪರೀಕ್ಷೆಗೆಂದು ‘ಎಬಿಸಿ’ ಒತ್ತುವ ಬದಲು ಅಜ್ಜಿಯ ಹೆಸರನ್ನು ಕನ್ನಡದಲ್ಲಿ, ಪಕ್ಕದ ಮನೆಯವರ ಹೆಸರನ್ನು ಉರ್ದುವಿನಲ್ಲಿ ಹಾಕಲಿ. ‘ಅನ್‌ಸೈನ್ಡ್ ಕ್ಯಾರ್’ ಎಂಬ ಆ ಎರಡು ಪದ ಯಾವ ಸಾಲಿನಲ್ಲಿ ಬಿಟ್ಟುಹೋಗಿವೆ ಎಂಬುದು ಗಿರಾಕಿಯ ಫೋನ್ ಬರುವ ಮೊದಲೇ ತಿಳಿದೀತು.