ಬಿಟ್ಟು ಹೋದದ್ದು ಯಾರ ಕೈಗೆ?


ಇಂದಿನ ಧಮ್ಮ ಚಿಂತನೆ: ಸಮ್ಯಕ್ ಕರ್ಮ



ಸಮ್ಯಕ್ ಕರ್ಮ ಎಂದರೇನು ಎಂದು ಕೇಳಿದರೆ ನಾವೆಲ್ಲ ಥಟ್ಟನೆ ಹೇಳುತ್ತೇವೆ: ಕೊಲ್ಲಬಾರದು, ಕದಿಯಬಾರದು, ಕಾಮದ ದುರಾಚಾರ ಮಾಡಬಾರದು. ಉತ್ತರ ಸರಿ. ಆದರೆ ಒಂದು ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯೂ ಅದರೊಳಗಿದೆ. ಊಟ ಮುಗಿಯುವುದು ಕೈ ತೊಳೆದಾಗಲೋ, ಎಲೆ ಎತ್ತಿದಾಗಲೋ? ಇಂದು ಇದನ್ನು ಯೋಚಿಸೋಣ. ಅದಕ್ಕಾಗಿ ಬಹಳ ದೂರದ ಒಂದು ನೆಲದ ಉದಾಹರಣೆ ತೆಗೆದುಕೊಳ್ಳೋಣ.

ಅಮೆರಿಕದ ಪಶ್ಚಿಮ ಭಾಗದಲ್ಲಿ, ಯೂಟಾ, ನೆವಾಡಾ, ಅರಿಝೋನಾ, ಐಡಾಹೊ ಮುಂತಾದ ರಾಜ್ಯಗಳಲ್ಲಿ, ಸರ್ಕಾರಕ್ಕೆ ಸೇರಿದ ಬಯಲು ಭೂಮಿ ಅಪಾರವಾಗಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಅಂದರೆ ನಮ್ಮ ಕರ್ನಾಟಕದಂಥ ಐದು ರಾಜ್ಯಗಳಷ್ಟು. ಇದೆಲ್ಲ ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಎಂಬುದನ್ನು ನಾವು ಮರೆಯಬಾರದು. ಇಂದು ಕಾನೂನಿನ ಪ್ರಕಾರ ಅದು ಎಲ್ಲರಿಗೂ ಸೇರಿದ್ದು. ಜನ ಅಲ್ಲಿ ನಡೆಯುತ್ತಾರೆ, ಡೇರೆ ಹಾಕುತ್ತಾರೆ. ನಿಷೇಧವಿಲ್ಲದ ಕಡೆ ಬಂದೂಕಿನಿಂದ ಗುರಿ ಹೊಡೆಯುವ ಅಭ್ಯಾಸಕ್ಕೂ ಹೋಗುತ್ತಾರೆ. ಬಹಳ ಕಡೆ ಟಿಕೆಟ್ ಇಲ್ಲ, ಕಾವಲುಗಾರನಿಲ್ಲ. ಗುಂಡು ತಡೆಯಲು ಎದುರಿಗೆ ಒಂದು ಗುಡ್ಡವಿದ್ದರೆ ಆಯಿತು.

ಗುರಿ ಹೊಡೆಯಲು ಏನಾದರೂ ಬೇಕಲ್ಲ? ಕಾಗದದ ಗುರಿ ತರುವವರಿದ್ದಾರೆ. ಮನೆಯಲ್ಲಿ ಕೆಟ್ಟುಹೋದ ಟಿವಿ, ಫ್ರಿಜ್ಜು, ಕಂಪ್ಯೂಟರ್, ಸೋಫಾ, ಗಾಜಿನ ಬಾಟಲಿ ಹೊತ್ತು ತರುವವರೂ ಇದ್ದಾರೆ. ಅವಕ್ಕೆ ಗುಂಡು ಹೊಡೆದು, ಚಿಂದಿ ಮಾಡಿ, ಅಲ್ಲೇ ಬಿಟ್ಟು ಗಾಡಿ ಹತ್ತುತ್ತಾರೆ. ಗುಂಡು ಹಾರಿದ ಮೇಲೆ ಬೀಳುವ ಹಿತ್ತಾಳೆ ಕೋಶಗಳು, ಪ್ಲಾಸ್ಟಿಕ್ ಕೋಶಗಳು, ಆಕಾಶಕ್ಕೆ ಎಸೆದು ಹೊಡೆಯುವ ಬಿಲ್ಲೆಗಳ ಚೂರುಗಳು ನೆಲದ ತುಂಬ ಹರಡಿರುತ್ತವೆ. ಮರಗಳನ್ನೇ ಗುರಿಯಾಗಿಸಿ, ಗುಂಡೇಟಿಗೆ ಮರ ಉರುಳಿದ್ದೂ ಉಂಟು. ಯೂಟಾ ಸರೋವರದ ಪಶ್ಚಿಮಕ್ಕಿರುವ ಲೇಕ್ ಮೌಂಟನ್ಸ್ ಗುಡ್ಡಗಳಲ್ಲಿ ಮೂಲನಿವಾಸಿಗಳ ಪೂರ್ವಿಕರು ಬಂಡೆಯ ಮೇಲೆ ಕೊರೆದ ಚಿತ್ರಗಳಿವೆ. ಅವುಗಳಿಗೂ ಗುಂಡು ಬಿದ್ದವು. ಕೊನೆಗೆ ಇಲಾಖೆ ಅಲ್ಲಿನ ಒಂದು ಭಾಗವನ್ನು ಗುರಿ ಅಭ್ಯಾಸಕ್ಕೆ ಮುಚ್ಚಬೇಕಾಯಿತು.

ಇದು ಬಿಟ್ಟು ಹೋದವರ ಕಥೆ. ಎತ್ತಲು ಬಂದವರ ಕಥೆಯೂ ಇದೆ.

ರಜೆಯ ದಿನ ಬೆಳಿಗ್ಗೆ ಒಂದು ಗುಂಪು ಅಲ್ಲಿಗೆ ಬರುತ್ತದೆ. ದಪ್ಪ ಕೈಗವಸು, ಚೀಲ, ಕುಂಟೆ, ಸಲಿಕೆ, ಹಿಂದೆ ಟ್ರೇಲರ್ ಕಟ್ಟಿದ ಗಾಡಿ. ಫ್ರಿಜ್ಜನ್ನು ನಾಲ್ಕು ಜನ ಎತ್ತಿ ಗಾಡಿಗೆ ಹಾಕುತ್ತಾರೆ. ಗಾಜಿನ ಚೂರನ್ನು ಮೊಣಕಾಲೂರಿ ಹೆಕ್ಕುತ್ತಾರೆ. ಹಿತ್ತಾಳೆಯನ್ನು ಬೇರೆ ಮಾಡುತ್ತಾರೆ, ಅದಕ್ಕೆ ಗುಜರಿಯಲ್ಲಿ ಬೆಲೆಯಿದೆ. ಎಷ್ಟೋ ಕಡೆ ಕಸದ ದೊಡ್ಡ ಪೆಟ್ಟಿಗೆಯನ್ನು ಇಲಾಖೆಯೇ ತಂದಿಡುತ್ತದೆ. ಸಾರ್ವಜನಿಕ ಭೂಮಿಗಾಗಿ ಇಂಥ ಸ್ವಯಂಸೇವೆ ಮಾಡಲೆಂದೇ 1994ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಒಂದು ರಾಷ್ಟ್ರೀಯ ದಿನ ನಡೆಯುತ್ತಿದೆ. ಹೀಗೆ ಎತ್ತಲು ಬರುವವರಲ್ಲಿ ಅನೇಕರು ತಾವೇ ಗುರಿ ಹೊಡೆಯುವ ಹವ್ಯಾಸದವರು. ಆ ದಿನ ಅವರು ಎತ್ತುವ ಕಸದಲ್ಲಿ ಬಹುಪಾಲು ಅವರದಲ್ಲ. ಆದರೂ ಎತ್ತುತ್ತಾರೆ.

ಇಲ್ಲಿ ಒಬ್ಬರಾದರೂ ಕೇಳುತ್ತೀರಿ: ಬಂದೂಕು ಹಿಡಿದವರಿಂದ ಬೌದ್ಧರು ಕಲಿಯುವುದೇನಿದೆ? ನ್ಯಾಯವಾದ ಪ್ರಶ್ನೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರವನ್ನು ಭಗವಾನರು ಮೊದಲಿಗೇ ಹೇಳಿದ್ದಾರೆ. ನಾವು ಕಲಿಯುವುದು ಬಂದೂಕಿನಿಂದಲ್ಲ, ಅದನ್ನು ಕೆಳಗಿಟ್ಟು ನೆಲಕ್ಕೆ ಬಾಗಿದ ಬೆನ್ನಿನಿಂದ.

ಈಗ ಮುಖ್ಯ ಮಾತಿಗೆ ಬರೋಣ. ಆ ಬಯಲಿನಲ್ಲಿ ಬಿದ್ದ ಟಿವಿ ನಾಳೆಯೂ ಅಲ್ಲೇ ಇರುತ್ತದೆ, ಮುಂದಿನ ವರ್ಷವೂ ಇರುತ್ತದೆ. ಯಾಕೆ? ಬೆಳಗಿನ ಜಾವ ಪೊರಕೆ ಹಿಡಿದು ಬರಲು ಅಲ್ಲಿ ಯಾರನ್ನೂ ನೇಮಿಸಿಲ್ಲ. ಅದಕ್ಕೆಂದೇ ಹುಟ್ಟಿದವರು ಎಂದು ಯಾರನ್ನೂ ಅಲ್ಲಿಗೆ ತಳ್ಳಿಲ್ಲ. ಆದ್ದರಿಂದ ಕಸ ಕಣ್ಣಿಗೆ ಕಾಣುತ್ತದೆ. ಕಂಡವರಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದವರು ಬಾಗುತ್ತಾರೆ.

ನಮ್ಮ ಊರಿನಲ್ಲಿ ಹಾಗಲ್ಲ. ರಾತ್ರಿ ಬೀದಿಯಲ್ಲಿ ಬಿಟ್ಟದ್ದು ಬೆಳಿಗ್ಗೆ ಏಳುವಷ್ಟರಲ್ಲಿ ಇರುವುದಿಲ್ಲ. ಕಸ ತಾನಾಗಿಯೇ ಮಾಯವಾಯಿತು ಎಂದುಕೊಳ್ಳುವ ಅಭ್ಯಾಸ ಇಡೀ ಸಮಾಜಕ್ಕೆ ಆಗಿಬಿಟ್ಟಿದೆ. ಅದು ಮಾಯವಾಗಿಲ್ಲ. ಒಬ್ಬ ತಾಯಿ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ಬಂದು ಗುಡಿಸಿದ್ದಾಳೆ. ಆ ತಾಯಿ ಯಾವ ಕೇರಿಯಿಂದ ಬರುತ್ತಾಳೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಾತಿ ಎಂಬುದು ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ಬಿಟ್ಟು ಹೋಗುವವರು ಒಂದು ಕಡೆ, ಎತ್ತುವವರು ಇನ್ನೊಂದು ಕಡೆ: ಆ ವಿಭಜನೆ ಪ್ರತಿದಿನ ಕಣ್ಣಿಗೆ ಕಾಣುವುದು ಇಲ್ಲಿಯೇ.

ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮದಲ್ಲಿ ಕಸ ಬಳಿಯಬೇಕು ಎಂದು ಶಾಸ್ತ್ರದವರು ನಮ್ಮ ಅಜ್ಜ ಅಜ್ಜಿಯರಿಗೆ ಹೇಳಿದರು. ಬುದ್ಧ ಧಮ್ಮದಲ್ಲಿ ಕಮ್ಮ ಎಂಬುದು ಅಂಥ ಹಣೆಬರಹವಲ್ಲ. ಇಲ್ಲಿ ಮಾಡಿದ್ದರ ಫಲ ಇಲ್ಲಿಯೇ ಕಾಣುತ್ತದೆ. ಗುಂಡು ಹೊಡೆದವನ ಸೀಸ ಆ ಮಣ್ಣಿನಲ್ಲಿಯೇ ಉಳಿಯುತ್ತದೆ. ಸ್ವಯಂಸೇವಕರು ಎಷ್ಟೇ ಹೆಕ್ಕಿದರೂ ಗುಡ್ಡದೊಳಗೆ ಹೊಕ್ಕ ಸೀಸ ಪೂರ್ತಿ ಕೈಗೆ ಸಿಗುವುದಿಲ್ಲ. ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ಮಾಡಿದವನು ಮರೆತರೂ ಮಾಡಿದ್ದು ಮರೆಯುವುದಿಲ್ಲ. ಇದಕ್ಕೆ ಪೂರ್ವಜನ್ಮದ ಲೆಕ್ಕ ಬೇಕಾಗಿಲ್ಲ, ಕಣ್ಣು ತೆರೆದು ನೋಡಿದರೆ ಸಾಕು.

ತಥಾಗತರು ಈ ವಿಷಯವನ್ನು ಸಣ್ಣದೆಂದು ಬಿಡಲಿಲ್ಲ. ವಿನಯದಲ್ಲಿ ಒಂದು ನಿಯಮವಿದೆ. ಸಂಘಕ್ಕೆ ಸೇರಿದ ಮಂಚ, ಪೀಠ, ಹಾಸಿಗೆಯನ್ನು ಬಯಲಿನಲ್ಲಿ ಹಾಕಿಕೊಂಡ ಭಿಕ್ಖು, ಅದನ್ನು ಎತ್ತಿಡದೆ, ಇನ್ನೊಬ್ಬರಿಂದ ಎತ್ತಿಡಿಸದೆ, ಹೇಳದೆ ಹೊರಟುಹೋದರೆ ಅದು ಪಾಚಿತ್ತಿಯ ದೋಷ. ಗಮನಿಸಿ: ಬಯಲಿನಲ್ಲಿ ಕೂತದ್ದು ತಪ್ಪಲ್ಲ. ಎಲ್ಲರಿಗೆ ಸೇರಿದ್ದನ್ನು ಬಳಸಿ, ಹಾಗೆಯೇ ಬಿಟ್ಟು ಹೋದದ್ದು ತಪ್ಪು. ಹಸಿರಿನ ಮೇಲೆ, ನೀರಿನಲ್ಲಿ ಹೊಲಸು ಮಾಡಬಾರದು ಎಂಬ ನಿಯಮಗಳೂ ಇವೆ. ಶೌಚಾಲಯ ಕೊಳಕಾಗಿದ್ದರೆ ಅದನ್ನು ಕಂಡ ಭಿಕ್ಖು ತೊಳೆಯಬೇಕು ಎಂದೂ ಇದೆ. ಅವನು ಯಾವ ಕುಲದಿಂದ ಬಂದವನು ಎಂಬ ಮಾತು ಆ ನಿಯಮದಲ್ಲಿಲ್ಲ.

ಈಗ ನಮ್ಮ ಕಷ್ಟದ ಪ್ರಶ್ನೆ. "ತಲೆತಲಾಂತರ ನಮ್ಮವರ ಕೈಯಲ್ಲೇ ಪೊರಕೆ ಕೊಟ್ಟರು. ಸತ್ತ ದನ ಎಳೆಸಿದರು, ಮಲ ಹೊರಿಸಿದರು. ಅದನ್ನು ಬಿಡಿ ಎಂದು ಬಾಬಾಸಾಹೇಬರೇ ಹೇಳಿದರು. ಈಗ ಮತ್ತೆ ನಮಗೇ ಕಸ ಎತ್ತಿ ಎನ್ನುತ್ತೀರಾ?" ಈ ಕೋಪ ಸರಿಯಾದದ್ದು. ಹೊಸ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಹೋಗುವವರನ್ನು ನಾವು ಕಂಡಿದ್ದೇವೆ. ಮಲ ಹೊರುವ ಪದ್ಧತಿಯ ವಿರುದ್ಧ 2013ರಲ್ಲಿ ಕಾನೂನು ಬಂದ ಮೇಲೂ ಗುಂಡಿಗಿಳಿದು ನಮ್ಮವರು ಸತ್ತದ್ದನ್ನೂ ಕಂಡಿದ್ದೇವೆ. ಊರವರು ಮಾಡಿದ ಕಸವನ್ನು ಸೇವೆಯ ಹೆಸರಿನಲ್ಲಿ ಮತ್ತೆ ನಮ್ಮ ತಲೆಗೆ ಕಟ್ಟಲು ಯಾರಾದರೂ ಬಂದರೆ ಖಂಡಿತ ಒಪ್ಪಬೇಡಿ. ಸ್ವಯಂಸೇವೆಯನ್ನು ನೆಪ ಮಾಡಿಕೊಂಡು ಪೌರಕಾರ್ಮಿಕರ ಸಂಬಳ, ಕೈಗವಸು, ಕಾಯಂ ನೌಕರಿಯ ಹಕ್ಕನ್ನು ಕಡಿಮೆ ಮಾಡಲೂ ಬಿಡಬೇಡಿ.

ಆದರೆ ಸುನೀತನನ್ನು ನೆನೆಯಿರಿ. ರಾಜಗೃಹದ ಬೀದಿ ಗುಡಿಸುತ್ತಿದ್ದ ಸುನೀತ ಭಗವಾನರು ಬರುವುದನ್ನು ಕಂಡು ಗೋಡೆಗೆ ಒತ್ತಿ ನಿಂತ. ಭಗವಾನರು ಅವನಿಗೆ ಇನ್ನೂ ಒಳ್ಳೆಯ ಪೊರಕೆ ಕೊಡಲಿಲ್ಲ. ಗುಡಿಸುವುದೇ ನಿನ್ನ ಧರ್ಮ ಎಂದೂ ಹೇಳಲಿಲ್ಲ. ಸಂಘದೊಳಗೆ ಕರೆದರು, ಭಿಕ್ಖುವಾಗಿ ಮಾಡಿದರು. ಅದೇ ಸಂಘದಲ್ಲಿ ಬ್ರಾಹ್ಮಣ ಕುಲದಿಂದ ಬಂದವರೂ, ಶಾಕ್ಯ ರಾಜಮನೆತನದಿಂದ ಬಂದವರೂ ತಮ್ಮ ವಸತಿಯನ್ನು ತಾವೇ ಗುಡಿಸಬೇಕಿತ್ತು. ಸಮತೆ ಎಂದರೆ ಇದೇ. ಒಬ್ಬನ ಕೈಗೆ ಹುಟ್ಟಿನಿಂದ ಕಟ್ಟಿದ ಪೊರಕೆಯನ್ನು ಬಿಚ್ಚಬೇಕು, ತನ್ನ ಪಾಲಿನ ಗುಡಿಸುವಿಕೆಯನ್ನು ಪ್ರತಿಯೊಬ್ಬನೂ ಹೊರಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಮಾಡಿದರೆ ಜಾತಿ ಹೋಗುವುದಿಲ್ಲ, ಪೊರಕೆ ಒಂದು ಕೈಯಿಂದ ಇನ್ನೊಂದು ಬಡವನ ಕೈಗೆ ಹೋಗುತ್ತದೆ ಅಷ್ಟೇ.

ಬಂಧುಗಳೇ, ಸಾರ್ವಜನಿಕ ಎಂಬ ಮಾತು ನಮಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದರು. ಮನುಷ್ಯನ ಸ್ಪರ್ಶವನ್ನೇ ಕೊಳೆ ಎಂದವರು ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಕೆರೆ, ಬಾವಿ, ರಸ್ತೆ ಎಲ್ಲರಿಗೂ ಸೇರಿದ್ದು ಎಂಬುದು ಇಂದು ಸಂವಿಧಾನದ 15ನೇ ವಿಧಿಯಲ್ಲಿದೆ. ಆ ಹಕ್ಕು ನಾವು ಚೊಕ್ಕಟವಾಗಿದ್ದೇವೆಂದು ಯಾರೋ ಕೊಟ್ಟ ಬಹುಮಾನವಲ್ಲ, ಮನುಷ್ಯರಾದ ಕಾರಣಕ್ಕೆ ಬಂದದ್ದು. ಇಷ್ಟು ಹೋರಾಡಿ ಪಡೆದ ಬೀದಿಯಲ್ಲಿ ನಾವು ನಡೆದು ಹೋದ ಮೇಲೆ ಏನು ಉಳಿಯುತ್ತದೆ ಎಂಬುದು ನಾವೇ ನಮಗೆ ಕೇಳಿಕೊಳ್ಳಬೇಕಾದ ಮಾತು.

ಏಪ್ರಿಲ್ 14ರ ರಾತ್ರಿ ಮೆರವಣಿಗೆ ಮುಗಿಯುತ್ತದೆ. ಬೀದಿಯಲ್ಲಿ ಪಟಾಕಿ ಚೂರು, ಮಜ್ಜಿಗೆ ಕುಡಿದ ಲೋಟ, ನೀರಿನ ಪ್ಯಾಕೆಟ್, ಪಲಾವ್ ತಟ್ಟೆ, ಹರಿದ ಫ್ಲೆಕ್ಸ್. ಏಪ್ರಿಲ್ 15ರ ಬೆಳಿಗ್ಗೆ ಅದನ್ನು ಗುಡಿಸಲು ಬರುವವಳು ನಮ್ಮ ಅಕ್ಕ. ಹಿಂದಿನ ರಾತ್ರಿ ಅವಳೂ ನೀಲಿ ಬಾವುಟ ಹಿಡಿದು ಜೈ ಭೀಮ್ ಎಂದಿದ್ದಳು. ಉಳಿದವರಿಗೆ ಹಬ್ಬ ಮುಗಿದಿದೆ, ಅವಳಿಗೆ ದುಪ್ಪಟ್ಟು ಕೆಲಸ ಶುರುವಾಗಿದೆ. ಬಾಬಾಸಾಹೇಬರ ಜಯಂತಿಯಲ್ಲಿಯೇ ನಾವು ಅವಳ ಕೈಗೆ ಪೊರಕೆ ಕೊಟ್ಟು ಬರಬಹುದೇ?

ಇಂದಿನ ಅಭ್ಯಾಸ ಹೀಗಿರಲಿ:

🔹 ಜಯಂತಿಯಾಗಲಿ, ಬುದ್ಧ ಪೂರ್ಣಿಮೆಯಾಗಲಿ, ಧಮ್ಮ ದೀಕ್ಷಾ ದಿನವಾಗಲಿ, ಕಾರ್ಯಕ್ರಮದ ಪಟ್ಟಿಯಲ್ಲಿ ವಂದನಾರ್ಪಣೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಸ್ವಚ್ಛತೆ, ಅರ್ಧ ಗಂಟೆ, ಎಲ್ಲರೂ.

🔹 ಎಲ್ಲರೂ ಎಂದರೆ ಅಧ್ಯಕ್ಷರು, ಭಾಷಣಕಾರರು, ಎಂಜಿನಿಯರ್ ಆದವರು, ನೌಕರರ ಸಂಘದವರು ಎಲ್ಲರೂ. ಹೆಣ್ಣುಮಕ್ಕಳಿಗೆ ಪೊರಕೆ, ಗಂಡಸರಿಗೆ ಮೈಕು ಎಂಬ ಹಂಚಿಕೆ ಬೇಡ. ಅದೂ ಒಂದು ಜಾತಿಯೇ.

🔹 ಸ್ಟೀಲ್ ಲೋಟ, ಸ್ಟೀಲ್ ತಟ್ಟೆ ಬಳಸಿದರೆ ಎತ್ತುವ ಕಸವೇ ಕಡಿಮೆ.

🔹 ಒಡೆದ ಗಾಜು, ಬ್ಲೇಡು, ಸೂಜಿಯನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಬರೆದು ಬೇರೆಯಾಗಿ ಕೊಡಿ. ಚೀಲದೊಳಗೆ ಕೈ ಹಾಕುವವರ ಕೈಯೂ ಕೈಯೇ.

🔹 ಗುಡಿಸುವ ಅಕ್ಕ ಆ ದಿನ ಬಂದರೆ ಕುರ್ಚಿ ಕೊಡಿ, ಮೊದಲ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸಿ.

ಇವತ್ತು ನೀವು ಕೂತು ಏಳುವ ಪ್ರತಿ ಜಾಗದಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ, ವಿಹಾರದಲ್ಲಿ, ಏಳುವ ಮೊದಲು ಒಮ್ಮೆ ಹಿಂದಿರುಗಿ ನೋಡಿ. ನಾನು ಏನು ಬಿಟ್ಟು ಹೋಗುತ್ತಿದ್ದೇನೆ? ಅದು ಯಾರ ಕೈಗೆ ಹೋಗುತ್ತದೆ? ಇಷ್ಟು ಕೇಳಿಕೊಳ್ಳುವುದೇ ಇಂದಿನ ಸಮ್ಯಕ್ ಸ್ಮೃತಿ. ಬಾಗಿ ಎತ್ತಿಕೊಳ್ಳುವುದೇ ಇಂದಿನ ಸಮ್ಯಕ್ ಕರ್ಮ.

ಎಲ್ಲರಿಗೂ ಮಂಗಳವಾಗಲಿ.
ಭವತು ಸಬ್ಬ ಮಂಗಲಂ 🌸
ನಮೋ ಬುದ್ಧಾಯ, ಜೈ ಭೀಮ್ 🙏

(ಓದಿದ ಮೇಲೆ ನಿಮ್ಮ ಬಡಾವಣೆಯ ಜಯಂತಿ ಸಮಿತಿಯ ಗುಂಪಿಗೂ ಕಳಿಸಿ.)