ಶಾಸನಕ್ಕೆ ಪ್ರಜಾಸಮ್ಮತಿಯೇ ಮೂಲ

ರಾಜಾಜ್ಞೆಯಾದ ಮಾತ್ರಕ್ಕೆ ಅದು ಧರ್ಮವಾಗುವುದೇ? ದಂಡದ ಭಯದಿಂದ ತಲೆಬಾಗುವುದು ಬೇರೆ, ಒಪ್ಪಿ ನಡೆಯುವುದು ಬೇರೆ. ಮೊದಲನೆಯದು ದಂಡಧರನು ಮರೆಯಾದೊಡನೆ ಮುಗಿಯುತ್ತದೆ. ಎರಡನೆಯದು ಆತನಿಲ್ಲದೆಡೆಯಲ್ಲಿಯೂ ನಿಲ್ಲುತ್ತದೆ. ಆದುದರಿಂದ ಶಾಸನದ ಬಲವು ಪಾಲಿಸುವವರ ಸಮ್ಮತಿಯಲ್ಲಿದೆಯೆಂದು ಬಲ್ಲವರು ಹೇಳುವರು. ಆದರೆ ಸಮ್ಮತಿಯೆಂದರೇನು ಎಂಬುದು ವಿಚಾರಣೀಯವಾಗಿದೆ.

ಮೈಸೂರು ಸಂಸ್ಥಾನದ ಇತಿಹಾಸವೇ ಇದಕ್ಕೆ ನಿದರ್ಶನ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಪ್ರಜೆಗಳ ಅಹವಾಲು ಸರ್ಕಾರದ ಕಿವಿಗೆ ಬೀಳುವಂತಾಯಿತು. ಇದು ಸಾಮಾನ್ಯವಾದ ಉಪಕಾರವಲ್ಲ. 1923ರಲ್ಲಿ ಸಭೆಗೆ ಕಾಯಿದೆಯ ಆಧಾರವೂ ದೊರೆಯಿತು. ಕೊನೆಯ ಮಾತು ಮಾತ್ರ ಸರ್ಕಾರದ್ದೇ ಆಗಿತ್ತು. ಅಹವಾಲನ್ನು ಕೇಳುವುದು ದೊರೆಯ ಸೌಜನ್ಯ. ಅದರಿಂದಲೇ ಪ್ರಜೆಯ ಒಪ್ಪಿಗೆ ಸಿದ್ಧಿಸದು. ಬೇಡವೆನ್ನಲು ಅವಕಾಶವಿದ್ದವನು ಬೇಕೆಂದಾಗಲೇ ಆ ಮಾತಿಗೆ ಬೆಲೆ.

ಈ ಅಂತರವು 1938ರಲ್ಲಿ ಬಯಲಾಯಿತು. ಆ ವರ್ಷದ ಏಪ್ರಿಲಿನಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನು ಏರಿಸಲಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನರು ಬಲಿಯಾದರು. ಆದರೂ ನಿಷೇಧವು ನಿಲ್ಲಲಿಲ್ಲ. ಮುಂದಿನ ತಿಂಗಳಲ್ಲಿಯೇ ಸರ್ಕಾರವು ಒಪ್ಪಂದಕ್ಕೆ ಬರಬೇಕಾಯಿತು. 1947ರ ಅಕ್ಟೋಬರಿನಲ್ಲಿ, ಮೈಸೂರು ಚಲೋ ಚಳವಳಿಯ ಫಲವಾಗಿ, ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು.

ಹಾಗಾದರೆ ತನಗೊಪ್ಪದ ಕಾಯಿದೆಯನ್ನು ಪ್ರತಿಯೊಬ್ಬನೂ ಮುರಿಯಬಹುದೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ಪ್ರತಿಯೊಂದು ಕಾಯಿದೆಯೂ ಎಲ್ಲರಿಗೂ ರುಚಿಸದು. ತನ್ನ ಮಾತನ್ನಾಡಲು, ಆಳುವವರನ್ನು ಬದಲಿಸಲು ದಾರಿ ತೆರೆದಿರುವಲ್ಲಿ, ಸೋತ ಪಕ್ಷವೂ ಆ ದಾರಿಗೆ ಒಪ್ಪಿದಂತೆಯೇ ಸರಿ. ಆದುದರಿಂದ ಕಾಯಿದೆ ಅವನನ್ನೂ ಕಟ್ಟುತ್ತದೆ. ಆ ದಾರಿ ಮುಚ್ಚಿದಲ್ಲಿ ಕಟ್ಟು ಸಡಿಲುವುದು. ಬಹುಜನರು ಒಪ್ಪಿದರೆಂದು ಅನ್ಯಾಯವು ನ್ಯಾಯವಾಗದೆಂಬುದನ್ನೂ ಮರೆಯಲಾಗದು.

ಇಂದು ಆ ದಾರಿ ಊರ ಬಾಗಿಲಿಗೇ ಬಂದಿದೆ. ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಾಗಲಿ, ನಾಡಿನ ಮತ್ತಾವ ಹಳ್ಳಿಯಾಗಲಿ, 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ಅಲ್ಲಿಯವರಿಗೆ ಗ್ರಾಮಸಭೆ ಸೇರಬೇಕು. ಮತದಾರರಾದವರೆಲ್ಲರೂ ಆ ಸಭೆಗೆ ಸೇರಿದವರು. ಅಲ್ಲಿಗೆ ಹೋಗದೆ, ಹೋದರೂ ಬಾಯಿ ತೆರೆಯದೆ, ರುಜು ಹಾಕಿ ಮನೆಗೆ ಮರಳಿ ಜಗಲಿಯ ಮೇಲೆ ಕುಳಿತು ದೂರುವ ಗೃಹಸ್ಥನು ತನ್ನ ಸಮ್ಮತಿಯನ್ನು ಪರರ ಕೈಗೆ ಕೊಟ್ಟಂತಾಯಿತು. ಹಿಂದಿನವರು ಪ್ರಾಣವನ್ನೇ ತೆತ್ತು ಪಡೆದ ಹಕ್ಕನ್ನು ಹೀಗೆ ಕಳೆಯುವುದು ಸಜ್ಜನರಿಗೆ ಸಲ್ಲದು.